ಸರಾಸರಿಗೆ ಸಿಗದ ವಿಸರಣೆ

ಶಾಲೆಯ ಅಂಗಳದಲ್ಲಿ ಉದ್ದನೆಯ ಗೆರೆ ಎಳೆದು ಅದರ ನಡುವೆ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ. ಅವನು ನಾಣ್ಯ ಚಿಮ್ಮಲಿ. ಶಿರ ಬಂದರೆ ಬಲಕ್ಕೆ ಒಂದು ಹೆಜ್ಜೆ, ಪುಚ್ಛ ಬಂದರೆ ಎಡಕ್ಕೆ ಒಂದು ಹೆಜ್ಜೆ. ನೂರು ಸಲ ಚಿಮ್ಮಿದ ಮೇಲೆ ಅವನು ಎಲ್ಲಿರುತ್ತಾನೆಂದು ಹೇಳಲಾಗದು. ಆದರೆ ಹಲವರಿಂದ ಈ ಆಟ ಆಡಿಸಿ, ಅವರು ಹೊರಟ ಜಾಗದಿಂದ ಸರಿದ ದೂರಗಳ ವರ್ಗಗಳಿಗೆ ಸರಾಸರಿ ತೆಗೆದು ಅದರ ವರ್ಗಮೂಲ ಕಂಡರೆ ಸುಮಾರು 10 ಹೆಜ್ಜೆ ಬರುತ್ತದೆ. 10,000 ಸಲ ಚಿಮ್ಮಿದರೆ 100 ಹೆಜ್ಜೆ. ಅಂದರೆ ಕಾಲ ನೂರು ಪಟ್ಟಾದರೆ ಹರಡಿಕೆ ಹತ್ತೇ ಪಟ್ಟು. ಅಲುಗಾಡದ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳಿಗೂ ಇದೇ ವರ್ಗಮೂಲ ನಿಯಮ ಅನ್ವಯಿಸುತ್ತದೆಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದರು.

ಆದರೆ ಅಣುಗಳ ಕೈಯಲ್ಲಿ ನಾಣ್ಯವಿಲ್ಲವಲ್ಲ! ಚಲನೆಯ ನಿಯಮಗಳು ನಿಶ್ಚಿತ. ಹಾಗಾದರೆ ಯಾದೃಚ್ಛಿಕತೆ ಎಲ್ಲಿಂದ ಬಂತು?

ಒಂದು ಸರಳ ನಿಯಮ ನೋಡೋಣ. 0 ಮತ್ತು 1ರ ನಡುವಿನ ಒಂದು ಸಂಖ್ಯೆಯನ್ನು ತೆಗೆದುಕೊಂಡು ದ್ವಿಗುಣಗೊಳಿಸಿ, 1 ಅಥವಾ ಹೆಚ್ಚು ಬಂದರೆ 1ನ್ನು ಕಳೆಯಿರಿ, ಮತ್ತೆ ದ್ವಿಗುಣಗೊಳಿಸಿ. ಪ್ರತಿ ಸಲವೂ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಇದ್ದರೆ ಎಡಕ್ಕೆ, ಇಲ್ಲವಾದರೆ ಬಲಕ್ಕೆ ಹೆಜ್ಜೆ ಇಡಿ. ಬಹುತೇಕ ಎಲ್ಲ ಆರಂಭಿಕ ಸಂಖ್ಯೆಗಳಿಗೂ ಈ ನಡಿಗೆ ನಾಣ್ಯದ ನಡಿಗೆಯಂತೆಯೇ ಇರುತ್ತದೆ. ಆರಂಭದಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಿದ್ದರೂ ಅದು ಇಮ್ಮಡಿಸುತ್ತ ಹೋಗಿ ಇಪ್ಪತ್ತು ಹೆಜ್ಜೆಗಳಲ್ಲಿ ಎಲ್ಲವನ್ನೂ ನುಂಗಿಬಿಡುತ್ತದೆ. ಇದೇ ಕೇಯಾಸ್. (ಇದಕ್ಕೆ 'ಅವ್ಯವಸ್ಥೆ' ಎಂಬ ಪದ ಬಳಸುವುದುಂಟು. ನಿಯಮ ಇಷ್ಟು ಸ್ಪಷ್ಟವಾಗಿರುವಲ್ಲಿ ಆ ಪದ ನನಗೇಕೋ ಹೊಂದುವುದಿಲ್ಲ.) ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸುವ ಅಧ್ಯಾಪಕರಿಗೆ ಒಂದು ಎಚ್ಚರಿಕೆ: ಯಂತ್ರವು ಸಂಖ್ಯೆಯನ್ನು ಸೀಮಿತ ದ್ವಿಮಾನ ಅಂಕಗಳಲ್ಲಿ ಇಟ್ಟುಕೊಳ್ಳುವುದರಿಂದ ಐವತ್ತು ಅರವತ್ತು ಹೆಜ್ಜೆಗಳಲ್ಲಿ ಉತ್ತರ ಸೊನ್ನೆಯಾಗಿ ಅಲ್ಲಿಯೇ ನಿಲ್ಲುತ್ತದೆ.

ಈಗ ನಿಯಮವನ್ನು ಸ್ವಲ್ಪ ಬದಲಿಸೋಣ. ದ್ವಿಗುಣಗೊಳಿಸುವ ಬದಲು, ಸಂಖ್ಯೆಗೆ ಅದರ ವರ್ಗವನ್ನು ಕೂಡಿಸಿ; 1ನ್ನು ದಾಟಿದರೆ 1ನ್ನು ಕಳೆಯಿರಿ. 0.01ರಿಂದ ಹೊರಡಿ. ಮುಂದಿನದು 0.0101, ಅದರ ಮುಂದಿನದು 0.0102... ಸಂಖ್ಯೆ ಅಲುಗಿದಂತೆಯೇ ಕಾಣುವುದಿಲ್ಲ. ದ್ವಿಗುಣದ ನಿಯಮದಲ್ಲಿ 0.01 ಏಳೇ ಹೆಜ್ಜೆಗಳಲ್ಲಿ 1ನ್ನು ದಾಟುತ್ತದೆ; ಇಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚು ಹೆಜ್ಜೆ ಬೇಕು. 0.001ಕ್ಕೆ ಅಲ್ಲಿ ಹತ್ತು, ಇಲ್ಲಿ ಸುಮಾರು ಸಾವಿರ. ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಅಲ್ಲಿ ಇಪ್ಪತ್ತು, ಇಲ್ಲಿ ಸುಮಾರು ಹತ್ತು ಲಕ್ಷ! ಸೊನ್ನೆಯ ಅಕ್ಕಪಕ್ಕ ಕೆಸರಿದ್ದ ಹಾಗೆ. ಕಾಲಿಟ್ಟವರು ಬೇಗ ಹೊರಬರುವುದಿಲ್ಲ. ಹೊರಬಂದ ಮೇಲೆ ಸ್ವಲ್ಪ ಕುಣಿದಾಟ, ಮತ್ತೆಂದೋ ಒಮ್ಮೆ ಕೆಸರು. ಶಾಂತವಾಗಿದ್ದ ಹರಿವು ಪ್ರಕ್ಷುಬ್ಧವಾಗುವ ಮುನ್ನ ತೋರುವ ಇಂಥ ಬಿಟ್ಟುಬಿಟ್ಟು ಬರುವ ವರ್ತನೆಯನ್ನು ವಿವರಿಸಲು ಫ್ರಾನ್ಸಿನ ಪೊಮೊ ಮತ್ತು ಮಾನ್‌ವಿಲ್ 1980ರಲ್ಲಿ ಈ ಬಗೆಯ ನಿಯಮಗಳನ್ನು ಮುಂದಿಟ್ಟರು. ಇಲ್ಲಿಯೂ ಆರಂಭದ ಸಣ್ಣ ವ್ಯತ್ಯಾಸ ಬೆಳೆಯುತ್ತದೆ, ಆದರೆ ಇಮ್ಮಡಿಸುತ್ತ ಅಲ್ಲ, ಬಹಳ ನಿಧಾನವಾಗಿ. ವ್ಯತ್ಯಾಸ ಬೆಳೆಯುವ ವೇಗವನ್ನು ಅಳೆಯುವ ಲ್ಯಾಪುನೋವ್ ಘಾತಾಂಕ ದ್ವಿಗುಣದ ನಿಯಮಕ್ಕೆ 0.693, ಇದಕ್ಕೆ ಸೊನ್ನೆ. ಆದರೂ ದೂರದ ಭವಿಷ್ಯ ಹೇಳಲು ಬಾರದು. ಆದ್ದರಿಂದಲೇ ಇದು ದುರ್ಬಲ ಕೇಯಾಸ್.

ಒಮ್ಮೆ 1ನ್ನು ದಾಟಿದ ಮೇಲೆ ಮತ್ತೆ ದಾಟಲು ಎಷ್ಟು ಹೆಜ್ಜೆ ಬೇಕು ಎಂಬುದನ್ನು ಬರೆದಿಡುತ್ತ ಹೋಗಿ. ಪ್ರಯೋಗಾಲಯದಲ್ಲಿ ನಾವು ಕಲಿಸುವುದೇನು? ಅಳತೆಯನ್ನು ಮತ್ತೆ ಮತ್ತೆ ಮಾಡಿ, ಸರಾಸರಿ ತೆಗೆಯಿರಿ, ಹೆಚ್ಚು ಸಲ ಮಾಡಿದಷ್ಟೂ ಉತ್ತರ ನಿಖರವಾಗುತ್ತದೆ ಎಂದು. ಇಲ್ಲಿ ಹಾಗಾಗುವುದಿಲ್ಲ. n ಹೆಜ್ಜೆಗಿಂತ ಹೆಚ್ಚು ಕಾಯಬೇಕಾದರೆ ಸಂಖ್ಯೆಯು ಸೊನ್ನೆಯಿಂದ ಸುಮಾರು 1/n ದೂರದೊಳಗೆ ಬಂದು ಬೀಳಬೇಕು. ಆ ಸಂಭವನೀಯತೆಯೂ 1/nಗೆ ಅನುಪಾತದಲ್ಲಿರುತ್ತದೆ. ಸರಾಸರಿ ಕಾಯುವಿಕೆ ಬೇಕೆಂದರೆ ಇವನ್ನೆಲ್ಲ ಕೂಡಬೇಕು: 1 + 1/2 + 1/3 + 1/4... ಹರಾತ್ಮಕ ಶ್ರೇಢಿ! ಅದರ ಮೊತ್ತ ಅನಂತ. ಹೆಚ್ಚು ಅಳತೆಗಳನ್ನು ಸೇರಿಸಿದಷ್ಟೂ ಸರಾಸರಿ ಮೆಲ್ಲಗೆ ಮೇಲೇರುತ್ತದೆಯೇ ಹೊರತು ಒಂದು ಬೆಲೆಯಲ್ಲಿ ನೆಲೆಗೊಳ್ಳುವುದಿಲ್ಲ. ವರ್ಗದ ಬದಲು ಘನವನ್ನು ಕೂಡಿಸಿದರೆ ಏರಿಕೆ ಇನ್ನೂ ಜೋರು, 0.01ರಿಂದ ಹೊರಬರಲು ಆಗ ಸುಮಾರು 5,000 ಹೆಜ್ಜೆ ಬೇಕು.

ಕಾಯುವಿಕೆಗೆ ಸರಾಸರಿಯೇ ಇಲ್ಲವೆಂದ ಮೇಲೆ ವರ್ಗಮೂಲ ನಿಯಮ ಉಳಿದೀತು ಹೇಗೆ? ಎಡ ಬಲಗಳಿಗೆ ಸಮಾನ ಅವಕಾಶವಿರುವಂತೆ ಘನದ ನಿಯಮವನ್ನು ಹೆಣೆದು, ಕೆಸರಿನಲ್ಲಿರುವಷ್ಟು ಹೊತ್ತು ನಡೆಯುವವನು ನಿಂತೇ ಇರುತ್ತಾನೆ ಎಂದುಕೊಳ್ಳಿ. ಆಗ ಕಾಲ ನೂರು ಪಟ್ಟಾದರೆ ಹರಡಿಕೆ ಹತ್ತು ಪಟ್ಟಲ್ಲ, ಸುಮಾರು ಮೂರು ಪಟ್ಟು ಮಾತ್ರ. ಇಂಥ ನಿಧಾನ ವಿಸರಣೆಯನ್ನು ಗೈಸೆಲ್ ಮತ್ತು ತೋಮೆ 1984ರಲ್ಲಿ ಲೆಕ್ಕ ಹಾಕಿದರು. ಕೆಸರಿನ ಬದಲು ಜಾರುಬಂಡೆ ಇದ್ದರೆ? ಸಿಕ್ಕಿಕೊಂಡಷ್ಟು ಹೊತ್ತೂ ಒಂದೇ ದಿಕ್ಕಿಗೆ ಸಾಗುತ್ತಲೇ ಇದ್ದರೆ ವಿಸರಣೆ ಅತಿವೇಗವಾಗುತ್ತದೆ. ಎರಡನ್ನೂ ಅಸಹಜ ವಿಸರಣೆ ಎನ್ನುತ್ತಾರೆ. ಪ್ರಕೃತಿಯಲ್ಲಿ ಅದು ನಡೆಯುತ್ತಿರುವಾಗ 'ಅಸಹಜ' ಎನ್ನುವುದು ನಮ್ಮ ಅಭ್ಯಾಸದ ಮಾತಷ್ಟೆ.

ಅತಿವೇಗದ ಬಗೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಾಲೊಮನ್, ವೀಕ್ಸ್ ಮತ್ತು ಸ್ವಿನ್ನಿ. ಉಂಗುರದಾಕಾರದ ತೊಟ್ಟಿಯಲ್ಲಿ ದ್ರವ ತುಂಬಿ ಅದನ್ನು ವೇಗವಾಗಿ ತಿರುಗಿಸಿದರು. ಒಳಗೆ ಸುಳಿಗಳ ಸಾಲೊಂದು, ಅದರ ಪಕ್ಕದಲ್ಲೇ ಸುತ್ತುವರಿದು ಹರಿಯುವ ಪ್ರವಾಹ ಉಂಟಾದವು. ದ್ರವದಲ್ಲಿ ಬಿಟ್ಟ ಸಣ್ಣ ಕಣಗಳು ಒಂದು ಸುಳಿಯಲ್ಲಿ ಬಹಳ ಹೊತ್ತು ಗಿರಕಿ ಹೊಡೆದು, ಒಮ್ಮೆಲೆ ಪ್ರವಾಹಕ್ಕೆ ಸಿಕ್ಕಿ ಹಲವು ಸುಳಿಗಳನ್ನು ದಾಟಿ ದೂರ ಹೋಗಿ, ಇನ್ನೊಂದು ಸುಳಿಯಲ್ಲಿ ಸಿಲುಕುತ್ತಿದ್ದವು. ದೂರದ ವರ್ಗದ ಸರಾಸರಿ ಕಾಲದ 1.65ನೇ ಘಾತದಂತೆ ಬೆಳೆಯಿತೆಂದು 1993ರಲ್ಲಿ ಅವರು ವರದಿ ಮಾಡಿದರು. ಸಹಜ ವಿಸರಣೆಯಲ್ಲಿ ಈ ಘಾತ 1. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕಾಲ ನೂರು ಪಟ್ಟಾದಾಗ ಹರಡಿಕೆ ಸುಮಾರು 45 ಪಟ್ಟು.

ಘಾತ 1 ಅಲ್ಲವೆಂದ ಮಾತ್ರಕ್ಕೆ ಕಾರಣ ದುರ್ಬಲ ಕೇಯಾಸ್ ಎಂದು ತೀರ್ಮಾನಿಸಲಾಗದು. ಹಳೆಯ ಜೆರಾಕ್ಸ್ ಯಂತ್ರಗಳ ಉರುಳೆಗೆ ಲೇಪಿಸುತ್ತಿದ್ದ ಸ್ಫಟಿಕರೂಪವಿಲ್ಲದ ಸೆಲೆನಿಯಮ್‌ನಂಥ ವಸ್ತುಗಳಲ್ಲಿ ವಿದ್ಯುದಾವೇಶಗಳು ಅಲ್ಲಲ್ಲಿ ಸಿಕ್ಕಿಬಿದ್ದು ಸಾಗುತ್ತವೆ. 1975ರಲ್ಲಿ ಶೆರ್ ಮತ್ತು ಮಾಂಟ್ರೋಲ್ ಅದನ್ನು ದೀರ್ಘ ಕಾಯುವಿಕೆಗಳಿಂದಲೇ ವಿವರಿಸಿದರು. ಅಲ್ಲಿ ಹಿಡಿದಿಡುವುದು ವಸ್ತುವಿನ ಒಳರಚನೆಯ ಏರುಪೇರು. ಬ್ಯಾಕ್ಟೀರಿಯಾದ ಕೋಶದೊಳಗೆ ಆರ್‌ಎನ್‌ಎ ಅಣುಗಳನ್ನು ಹಿಂಬಾಲಿಸಿದ ಗೋಲ್ಡಿಂಗ್ ಮತ್ತು ಕಾಕ್ಸ್ ಅವರಿಗೆ 2006ರಲ್ಲಿ ಸಿಕ್ಕ ಘಾತ ಸುಮಾರು 0.7. ಕೋಶರಸವು ಅಂಟಂಟಾಗಿಯೂ ರಬ್ಬರಿನಂತೆ ಹಿಂದೆಳೆಯುವಂತೆಯೂ ಇದ್ದರೆ, ದೀರ್ಘ ಕಾಯುವಿಕೆಗಳಿಲ್ಲದೆಯೂ ಇಂಥ ಘಾತ ಬರಬಲ್ಲದು. ಆದ್ದರಿಂದ ಘಾತವನ್ನು ಅಳೆದವರು ಅಲ್ಲಿಗೆ ನಿಲ್ಲದೆ, ಕಣವು ಒಂದೊಂದು ಕಡೆ ಎಷ್ಟೆಷ್ಟು ಹೊತ್ತು ನಿಂತಿತೆಂಬ ಪಟ್ಟಿಯನ್ನೂ ಮಾಡುತ್ತಾರೆ.