ಮೂರು ಗಂಟೆಯ ಮಂಕು

ಕೊಲರಾಡೊದ ಬೌಲ್ಡರ್ ಊರು ರಾಕಿ ಪರ್ವತಗಳ ಬುಡಕ್ಕೆ ಒರಗಿಕೊಂಡಿದೆ. ಪಡುವಣಕ್ಕೆ ತಲೆಯೆತ್ತಿದರೆ ಫ್ಲಾಟ್‌ಐರನ್ಸ್ ಎಂಬ ಚಪ್ಪಟೆ ಬಂಡೆಗಳ ಸಾಲು, ಮೂಡಣಕ್ಕೆ ಕಣ್ಣು ಸೋಲುವಷ್ಟು ಬಯಲು. 1999ರ ಸೆಪ್ಟೆಂಬರಿನಲ್ಲಿ ಈ ಊರಿನ ಒಂದು ಪಾರ್ಕಿಂಗ್ ಜಾಗದಲ್ಲಿ ಪುಟ್ಟ ದೂರದರ್ಶಕವೊಂದು ರಾತ್ರಿಯಿಡೀ ಆಕಾಶ ನೋಡುತ್ತಿತ್ತು. ಅದರ ಬಾಯಿ ಹತ್ತೇ ಸೆಂಟಿಮೀಟರ್ ಅಗಲ. ಹೆಸರು ಸ್ಟೇರ್. ಕಟ್ಟಿದವರು ಟಿಮ್ ಬ್ರೌನ್. ಅವರ ಜೊತೆಗೆ ಕೆಲಸ ಮಾಡುತ್ತಿದ್ದವರು ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿ ಡೇವಿಡ್ ಶಾರ್ಬೊನೊ.

ದೂರದರ್ಶಕ ತಿರುಗಿದ್ದು ಪೆಗಾಸಸ್ ನಕ್ಷತ್ರಪುಂಜದ ಕಡೆಗೆ. ನಮ್ಮ ಪೂರ್ವಾಭಾದ್ರ, ಉತ್ತರಾಭಾದ್ರಗಳು ಸೇರಿ ಆಗುವ ದೊಡ್ಡ ಚೌಕವನ್ನು ಮಳೆಗಾಲ ಕಳೆದ ಆಕಾಶದಲ್ಲಿ ಯಾರು ಬೇಕಾದರೂ ಗುರುತಿಸಬಹುದು. ಆ ಚೌಕದಿಂದ ಪಶ್ಚಿಮಕ್ಕೆ ಸರಿದರೆ, ಬರಿಗಣ್ಣಿಗೆ ನಿಲುಕದ, ಬೈನಾಕ್ಯುಲರ್ ಹಿಡಿದರೆ ಸಿಗುವ ಒಂದು ನಕ್ಷತ್ರವಿದೆ. ಹೆಸರಿಲ್ಲ, ಪಟ್ಟಿಯ ಸಂಖ್ಯೆ ಮಾತ್ರ: ಎಚ್‌ಡಿ 209458. ಹೆಚ್ಚುಕಡಿಮೆ ಸೂರ್ಯನಂಥದೇ, ಸುಮಾರು 160 ಜ್ಯೋತಿರ್ವರ್ಷ ದೂರದಲ್ಲಿದೆ.

ಅದು ತುಸು ಓಲಾಡುತ್ತದೆ ಎಂಬುದು ಆ ಹೊತ್ತಿಗೆ ಗೊತ್ತಾಗಿತ್ತು. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆದವರಿಗೆ, ಮೂರೂವರೆ ದಿನಕ್ಕೊಮ್ಮೆ ನಕ್ಷತ್ರ ನಮ್ಮತ್ತ ಬಂದು ಮತ್ತೆ ಹಿಂದೆ ಸರಿಯುವುದು ಕಂಡಿತ್ತು. ಇದೇ ಬಗೆಯ ಓಲಾಟವನ್ನು ಹಿಡಿದು 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೊ, ಇದೇ ಪುಂಜದ 51 ಪೆಗಾಸಿ ಎಂಬ ನಕ್ಷತ್ರವನ್ನು ಅದರ ಸುತ್ತಲಿನ ಗ್ರಹವೊಂದು ಎಳೆಯುತ್ತಿದೆ ಎಂದು ಹೇಳಿದ್ದರು. ಆದರೂ ಕೆಲವರಿಗೆ ಅನುಮಾನ ಉಳಿದಿತ್ತು. ಗುರುವಿನಂಥ ದೈತ್ಯ ತನ್ನ ಸೂರ್ಯನಿಗೆ ಅಷ್ಟು ಹತ್ತಿರ ಸುತ್ತಬಲ್ಲದೆ? ನಕ್ಷತ್ರದ ಮೈಯೇ ಮಿಡಿಯುತ್ತಿರಬಹುದಲ್ಲ? ಆ ಪ್ರಶ್ನೆ ಕೇಳಬೇಕಾದದ್ದೇ ಆಗಿತ್ತು ಎಂದು ನನಗನಿಸುತ್ತದೆ. ಓಲಾಟ ಹೇಳುವುದು ಗ್ರಹದ ತೂಕ ಕಡೇಪಕ್ಷ ಇಷ್ಟಿರಬೇಕು ಎಂದಷ್ಟೇ. ಗಾತ್ರದ ಸುದ್ದಿ ಅದರಲ್ಲಿಲ್ಲ. ಅದು ತಿಳಿಯಬೇಕಾದರೆ ಗ್ರಹ ನಮ್ಮ ಕಣ್ಣಿಗೂ ನಕ್ಷತ್ರಕ್ಕೂ ನಡುವೆ ಹಾದುಹೋಗಬೇಕು. ಇಷ್ಟು ಹತ್ತಿರದಲ್ಲಿ ಸುತ್ತುವ ಗ್ರಹಗಳಲ್ಲೂ ಹತ್ತರಲ್ಲಿ ಒಂದರ ಹಾದಿ ಮಾತ್ರ ಹಾಗೆ ನಮ್ಮ ನೇರಕ್ಕೆ ಬರುತ್ತದೆ.

ಸೆಪ್ಟೆಂಬರ್ 9, ನಡುರಾತ್ರಿ ದಾಟಿದೆ. ನಕ್ಷತ್ರ ನೆತ್ತಿಯಿಂದ ಇಳಿದು ಪರ್ವತಗಳ ಕಡೆಗೆ ವಾಲತೊಡಗಿದೆ. ಕ್ಯಾಮೆರಾ ಒಂದಾದ ಮೇಲೊಂದು ಚಿತ್ರ ತೆಗೆಯುತ್ತಿದೆ. ಚಿತ್ರದಲ್ಲಿ ನೋಡುವುದಕ್ಕೆ ಏನೂ ಇಲ್ಲ: ಕಪ್ಪು ಹಾಸಿನ ಮೇಲೆ ಬಿಳಿ ಚುಕ್ಕಿಗಳು, ಅವುಗಳಲ್ಲಿ ಇದೂ ಒಂದು. ಕೆಲಸವೆಲ್ಲ ಎಣಿಕೆಯದು. ಈ ಚುಕ್ಕಿಯಿಂದ ಬಂದ ಬೆಳಕೆಷ್ಟು, ಅಕ್ಕಪಕ್ಕದ ಚುಕ್ಕಿಗಳಿಂದ ಬಂದದ್ದೆಷ್ಟು? ತೆಳುಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ಕೆಳಗಿಳಿದಂತೆ ಗಾಳಿಯ ಪದರ ದಪ್ಪವಾಗಿ ಎಲ್ಲವೂ ಬೆಳಕು ಕಳೆದುಕೊಳ್ಳುತ್ತವೆ. ಆದ್ದರಿಂದ ನೆರೆಯ ನಕ್ಷತ್ರಗಳನ್ನು ಸಾಕ್ಷಿಗೆ ಇಟ್ಟುಕೊಂಡು ಹೋಲಿಸಬೇಕು. ಅವು ಇದ್ದ ಹಾಗೇ ಇದ್ದು ಇದೊಂದೇ ಕುಂದಿದರೆ, ಕಾರಣ ಅಲ್ಲಿಯದು, ನಮ್ಮ ಗಾಳಿಯದಲ್ಲ.

ಅಂದು ಕುಂದಿತು. ನೂರಕ್ಕೆ ಸುಮಾರು ಒಂದೂವರೆ ಪಾಲು. ಅರವತ್ತು ಹಣತೆಗಳ ಸಾಲಿನಲ್ಲಿ ಒಂದು ಆರಿದಷ್ಟು.

ಆ ಮಂಕಿನ ಆಕಾರವನ್ನು ನಿಧಾನವಾಗಿ ನೋಡಬೇಕು. ಕಾಗದದ ಮೇಲೆ ಬಿಂದುಗಳು ಮೊದಲು ಸಮನಾಗಿ ಸಾಗುತ್ತವೆ. ಗ್ರಹದ ಅಂಚು ನಕ್ಷತ್ರದ ಅಂಚನ್ನು ಮುಟ್ಟಿದಾಗ ಇಳಿಜಾರು ಶುರು. ಗ್ರಹ ಪೂರ್ತಿ ಒಳಗೆ ಬಂದ ಮೇಲೆ ತಳ ಸಿಗುತ್ತದೆ, ಆದರೆ ಆ ತಳ ಚಪ್ಪಟೆಯಲ್ಲ, ಬಟ್ಟಲಿನಂತೆ ಬಾಗಿದೆ. ನಕ್ಷತ್ರದ ತಟ್ಟೆ ನಡುವೆ ಹೆಚ್ಚು ಬೆಳಗುತ್ತದೆ, ಅಂಚಿನಲ್ಲಿ ಕಡಿಮೆ. ಹಾಗಾಗಿ ಗ್ರಹ ನಡುವಿಗೆ ಬಂದಷ್ಟೂ ಹೆಚ್ಚು ಬೆಳಕನ್ನು ತಡೆಯುತ್ತದೆ, ದಾಟಿ ಹೋದಂತೆ ಬಿಡುತ್ತದೆ. ಒಟ್ಟು ಮೂರು ಗಂಟೆಯ ಹಾದಿ. 2004ರಲ್ಲೂ 2012ರಲ್ಲೂ ಶುಕ್ರ ಸಂಕ್ರಮ ಕಂಡವರಿಗೆ ಸೂರ್ಯನ ಮೇಲೆ ಸರಿದ ಕಪ್ಪು ಬೊಟ್ಟಿನ ನೆನಪಿರುತ್ತದೆ. ಬೌಲ್ಡರಿನಲ್ಲಿ ಬೊಟ್ಟೂ ಕಾಣಲಿಲ್ಲ, ತಟ್ಟೆಯೂ ಕಾಣಲಿಲ್ಲ. ಆದರೂ ಆ ಬಾಗಿದ ರೇಖೆಯೊಳಗೆ ಎರಡರ ಅಳತೆಯೂ ಇತ್ತು. ಈ ಮಾತು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಗ್ರಹ ಒಂದು ಸುತ್ತು ಮುಗಿಸಲು 3 ದಿನ 12 ಗಂಟೆ 35 ನಿಮಿಷ ಬೇಕು. ಹಾಗಾಗಿ ಮುಂದಿನ ಸಂಕ್ರಮ ಅಲ್ಲಿಯ ಹಗಲಿಗೆ ಬಿತ್ತು. ಅದರ ಮುಂದಿನದು ಮತ್ತೆ ರಾತ್ರಿಗೆ, ಒಂದು ವಾರ ಕಳೆದು, ಒಂದು ಗಂಟೆಗಿಂತ ತುಸು ಹೆಚ್ಚು ತಡವಾಗಿ. ಸೆಪ್ಟೆಂಬರ್ 16ರಂದು ಅದೇ ಮಂಕು ಮರಳಿತು. ಒಮ್ಮೆ ಕಂಡದ್ದು ಆಕಸ್ಮಿಕ ಎನ್ನಬಹುದಿತ್ತು. ಓಲಾಟದ ಲೆಕ್ಕ ಹೇಳಿದ ಗಳಿಗೆಗೇ ಎರಡು ಸಲ ಬಂದದ್ದನ್ನು ಹಾಗೆನ್ನಲಾಗದು. ನವೆಂಬರ್ 7ರಂದು ಅರಿಜೋನಾದ ಬೆಟ್ಟದ ಮೇಲೆ, ತಾನಾಗಿಯೇ ನಡೆಯುವ ಒಂದು ದೂರದರ್ಶಕದಲ್ಲಿ ಗ್ರೆಗ್ ಹೆನ್ರಿ ಅವರಿಗೂ ಇದೇ ಇಳಿಜಾರಿನ ಮೊದಲ ಭಾಗ ಸಿಕ್ಕಿತು. ಎರಡೂ ತಂಡಗಳ ಲೇಖನಗಳು 2000ದ ಆರಂಭದಲ್ಲಿ ಅಚ್ಚಾದವು.

ಇನ್ನು ಲೆಕ್ಕ. ಗ್ರಹದ ಅಗಲ ನಕ್ಷತ್ರದ ಅಗಲದ ನೂರಕ್ಕೆ 12 ಪಾಲು ಎಂದರೆ ಅದು ಮುಚ್ಚುವ ಜಾಗ ನೂರಕ್ಕೆ ಒಂದೂವರೆಯ ಹತ್ತಿರ. ಮಂಕಿನ ಆಳದಿಂದ ಗಾತ್ರ ಬಂತು: ಗುರುಗ್ರಹಕ್ಕಿಂತ ಕಾಲು ಪಾಲಿಗೂ ಹೆಚ್ಚು ಅಗಲ. ಹಾದಿ ನಮ್ಮ ನೇರಕ್ಕೇ ಇದೆ ಎಂದು ಖಚಿತವಾದ್ದರಿಂದ ತೂಕವೂ ನಿಂತಿತು: ಗುರುವಿನ ಮೂರನೇ ಎರಡರಷ್ಟು. ಎರಡನ್ನೂ ಸೇರಿಸಿದರೆ ಸಾಂದ್ರತೆ ನೀರಿನ ಅರ್ಧಕ್ಕೂ ಕಡಿಮೆ. ಕಾದು ಉಬ್ಬಿದ ಅನಿಲದ ಉಂಡೆ. ಅಲ್ಲಿಯವರೆಗೆ ಬರೀ ಎಳೆತವಾಗಿದ್ದ ಗ್ರಹಕ್ಕೆ ಮೊದಲ ಬಾರಿಗೆ ಒಂದು ಮೈ ಸಿಕ್ಕಿತು. ನಕ್ಷತ್ರದ ಮೈ ಮಿಡಿಯುತ್ತಿದೆ ಎಂಬ ವಾದಕ್ಕೆ ಇಲ್ಲಿ ಜಾಗವಿರಲಿಲ್ಲ.

ಭೂಮಿಯಷ್ಟು ಚಿಕ್ಕದು ಸೂರ್ಯನ ಮುಂದೆ ಹಾದರೆ ಕುಂದುವ ಬೆಳಕು ಹತ್ತು ಲಕ್ಷಕ್ಕೆ 84 ಪಾಲು ಮಾತ್ರ. ಅದನ್ನು ಗಾಳಿಯ ಕೆಳಗೆ ಕೂತು ಹಿಡಿಯಲಾಗದೆಂದು ವಿಲಿಯಂ ಬೊರುಕಿ ವರ್ಷಗಟ್ಟಲೆ ನಾಸಾದ ಬಾಗಿಲು ತಟ್ಟಿದರು. ನಾಲ್ಕು ಸಲ ತಿರಸ್ಕೃತವಾದ ಅವರ ಯೋಜನೆಯೇ 2009ರಲ್ಲಿ ಹಾರಿದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ. ಅದು ಕೊಟ್ಟ ಗ್ರಹಗಳ ಸಂಖ್ಯೆ 2,600 ದಾಟಿದೆ.

ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಹೋಗುವುದು ಒಂದು ಹಳೆಯ ಕಡತಕ್ಕೆ. ನಕ್ಷತ್ರಗಳ ಸ್ಥಾನ ಅಳೆಯಲು ಯುರೋಪ್ ಹಾರಿಸಿದ್ದ ಹಿಪಾರ್ಕಸ್ ಉಪಗ್ರಹ 1993ರವರೆಗೆ ಕೆಲಸ ಮಾಡಿತ್ತು. ಬೌಲ್ಡರಿನ ಸುದ್ದಿ ಹೊರಬಿದ್ದ ಮೇಲೆ ಕೆಲವರು ಅದರ ದಾಖಲೆ ತೆರೆದರು. ಎಚ್‌ಡಿ 209458ರ ಬೆಳಕು 89 ಸಲ ಅಳೆಯಲ್ಪಟ್ಟಿತ್ತು. ಅವುಗಳಲ್ಲಿ ಐದು ಅಳತೆ ಸರಿಯಾಗಿ ಸಂಕ್ರಮದ ವೇಳೆಗೇ ಬಿದ್ದಿದ್ದವು. 51 ಪೆಗಾಸಿಯ ಸುದ್ದಿಗೂ ಮೊದಲೇ ಈ ಮಂಕು ಅಂಕಿಗಳಾಗಿ ಬರೆದಿಡಲ್ಪಟ್ಟಿತ್ತು, ಕೇಳುವವರಿರಲಿಲ್ಲ. ಆ ಹಳೆಯ ಬಿಂದುಗಳಿಗೂ ಹೊಸ ಬಿಂದುಗಳಿಗೂ ನಡುವಿನ ಇಷ್ಟು ವರ್ಷಗಳ ಅಂತರವನ್ನು ಸುತ್ತುಗಳಿಂದ ಭಾಗಿಸಿದಾಗ, ಗ್ರಹದ ಒಂದು ಸುತ್ತಿನ ಅವಧಿ ಹೆಚ್ಚುಕಡಿಮೆ ಒಂದು ಸೆಕೆಂಡಿನ ನಿಖರತೆಗೆ ತಿಳಿಯಿತು.

ಆದ್ದರಿಂದಲೇ ಈಗ ಯಾವ ರಾತ್ರಿ, ಎಷ್ಟು ಗಂಟೆಗೆ ಮಂಕು ಶುರುವಾಗುತ್ತದೆ ಎಂದು ಮೊದಲೇ ತಿಳಿದು, ಚಿಕ್ಕ ದೂರದರ್ಶಕಕ್ಕೆ ಸಿಸಿಡಿ ಕ್ಯಾಮೆರಾ ಜೋಡಿಸಿ ಹವ್ಯಾಸಿಗಳೂ ಇದನ್ನು ಅಳೆಯುತ್ತಾರೆ. ದೀಪಾವಳಿಯ ಆಸುಪಾಸಿನಲ್ಲಿ, ಸಂಜೆ ಏಳೂವರೆಯ ಹೊತ್ತಿಗೆ ಈ ನಕ್ಷತ್ರ ಕರ್ನಾಟಕದ ನೆತ್ತಿಯ ಹತ್ತಿರವೇ ಇರುತ್ತದೆ. ಸಂಕ್ರಮಕ್ಕೆ ಒಂದು ಗಂಟೆ ಮೊದಲೇ ಎಣಿಕೆ ಆರಂಭಿಸಿ, ಮುಗಿದ ಮೇಲೂ ಒಂದು ಗಂಟೆ ಬಿಡದೆ ಮುಂದುವರಿಸಬೇಕು. ಮಂಕಲ್ಲದ ಬೆಳಕು ಎಷ್ಟೆಂದು ತಿಳಿಯದೆ ಮಂಕನ್ನು ಅಳೆಯಲಾಗುವುದಿಲ್ಲ.