ಒಸರುವ ನಲ್ಲಿ, ಒದ್ದೆ ಗೋಡೆ ಮತ್ತು ಕುಟುಂಬದ ಆರೋಗ್ಯ

ನೀರಿಲ್ಲದ ಮನೆಯಲ್ಲಿ ಬಾಳುವುದು ಕಷ್ಟ. ನೀರು ನಿಲ್ಲಬಾರದ ಎಡೆಯಲ್ಲಿ ನಿಂತಿರುವ ಮನೆಯಲ್ಲಿ ಆರೋಗ್ಯದಿಂದ ಬಾಳುವುದೂ ಅಷ್ಟೇ ಕಷ್ಟ. ನಲ್ಲಿಯಿಂದ ತೊಟ್ಟಿಕ್ಕುವ ಹನಿಯನ್ನೂ ಬಚ್ಚಲುಮನೆಯ ಗೋಡೆಯಲ್ಲಿ ಹಬ್ಬಿದ ಕಲೆಯನ್ನೂ ನಾವು ದಿನವೂ ಕಾಣುತ್ತೇವೆ; ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎಂದು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಮಗುವಿಗೆ ಭೇದಿಯೋ ಉಬ್ಬಸವೋ ಬಂದರೆ ಔಷಧಕ್ಕಾಗಿ ಓಡುತ್ತೇವೆಯೇ ಹೊರತು, ಕೊಳವೆಯ ಕಡೆಗೆ ನಮ್ಮ ದೃಷ್ಟಿ ಹೋಗುವುದಿಲ್ಲ. ಕೊಳವೆ, ನಲ್ಲಿ, ತೊಟ್ಟಿ, ಬಚ್ಚಲುಗಳ ಸುಸ್ಥಿತಿಗೂ ಮನೆಮಂದಿಯ ಆರೋಗ್ಯಕ್ಕೂ ಇರುವ ನಂಟನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯಕ.

ನೀರು ಹೊರಬರುವ ಸೀಳಿನಲ್ಲಿ ಕೊಳಚೆ ಒಳಸೇರುತ್ತದೆ

ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ನಲ್ಲಿಯ ನೀರು ದಿನವಿಡೀ ಬರುವುದಿಲ್ಲ. ನೀರು ಬರುವಾಗ ಕೊಳವೆಯೊಳಗೆ ಒತ್ತಡವಿರುವುದರಿಂದ ಸೀಳಿರುವ ಕಡೆ ನೀರು ಹೊರಕ್ಕೆ ಜಿನುಗುತ್ತದೆ. ಸರಬರಾಜು ನಿಂತೊಡನೆ ಒತ್ತಡ ಇಳಿದು ಕೊಳವೆ ಬರಿದಾಗುತ್ತದೆ. ಆಗ ಅದೇ ಸೀಳಿನಿಂದ ಸುತ್ತಲಿನ ಕೊಳಚೆ ಒಳಕ್ಕೆ ಸೇರುತ್ತದೆ. ಬೀದಿಯ ಮೋರಿಯನ್ನು ದಾಟಿ ಬರುವ ಕೊಳವೆಗಳಿಗೆ ಈ ಅಪಾಯ ಹೆಚ್ಚು. ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಮುಂತಾದ ರೋಗಗಳು ಇಂತಹ ನೀರಿನಿಂದ ಹರಡುತ್ತವೆ. ನೀರು ಕಲುಷಿತವಾದರೆ ಎಂತಹ ಅನಾಹುತವಾದೀತೆಂಬುದನ್ನು 2023ರ ಆಗಸ್ಟ್ ತಿಂಗಳಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸಂಭವಿಸಿದ ಸಾವುನೋವುಗಳು ನೆನಪಿಸುತ್ತವೆ.

ಆದುದರಿಂದ ಮನೆಯ ಮುಂದಿನ ಕೊಳವೆಯನ್ನು ಆಗಾಗ ಪರೀಕ್ಷಿಸಬೇಕು. ಮೋರಿಯೊಳಗೆ ಹಾದುಹೋಗಿರುವ ಕೊಳವೆಯನ್ನು ಮೋರಿಯ ಮೇಲ್ಮಟ್ಟಕ್ಕಿಂತ ಎತ್ತರದಲ್ಲಿ ಹಾಯುವಂತೆ ಬದಲಾಯಿಸಿಕೊಳ್ಳುವುದು ಲೇಸು. ಬಟ್ಟೆ ಸುತ್ತಿ, ದಾರ ಕಟ್ಟಿ ಸೋರಿಕೆಯನ್ನು ತಡೆದರೆ ಅದು ದುರಸ್ತಿ ಎನಿಸದು. ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸಿ ನೀರೆಳೆಯುವುದು ತಪ್ಪು. ಆ ಸೆಳೆತಕ್ಕೆ ದಾರಿಯುದ್ದಕ್ಕೂ ಇರುವ ಸೀಳುಗಳಿಂದ ಹೊಲಸು ಒಳಬರುತ್ತದೆ, ನೆರೆಹೊರೆಯವರಿಗೂ ಕೇಡಾಗುತ್ತದೆ. ನಲ್ಲಿಗೆ ಸಿಕ್ಕಿಸಿದ ರಬ್ಬರು ಕೊಳವೆಯ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಬಿಡಬಾರದು. ಬಹಳ ಹೊತ್ತಿನ ನಂತರ ನೀರು ಬಂದಾಗ ಮೊದಲ ಒಂದೆರಡು ಕೊಡ ನೀರನ್ನು ನೆಲ ತೊಳೆಯಲು ಬಳಸಬೇಕು. ಕುಡಿಯುವ ನೀರನ್ನು ಅನಂತರ ಹಿಡಿದು, ಚೆನ್ನಾಗಿ ಮರಳುವಂತೆ ಕುದಿಸಿ, ಆರಿಸಿ, ಮುಚ್ಚಿಡಬೇಕು.

ತೊಟ್ಟಿಕ್ಕುವ ನಲ್ಲಿಯ ದುರಸ್ತಿ

ಕ್ಷಣಕ್ಕೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 4 ಲೀಟರಿಗಿಂತ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರು ನೀರು ಹರಿದುಹೋಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಗ್ರಾಮಾಂತರ ಪ್ರದೇಶದ ಒಬ್ಬರಿಗೆ ದಿನವೊಂದಕ್ಕೆ ಗೊತ್ತುಪಡಿಸಿರುವ ನೀರು 55 ಲೀಟರು. ಅಂದರೆ ಒಬ್ಬರ ಎರಡು ದಿನಗಳ ನೀರು ಒಂದೇ ನಲ್ಲಿಯಿಂದ ಪೋಲಾಗುವುದಲ್ಲದೆ, ಬಚ್ಚಲು ಸದಾ ಒದ್ದೆಯಾಗಿ ಪಾಚಿ ಕಟ್ಟುತ್ತದೆ. ವೃದ್ಧರೂ ಗರ್ಭಿಣಿಯರೂ ಜಾರಿ ಬೀಳುವ ಸಂಭವವಿರುತ್ತದೆ.

ತಿರುಪಿನ ನಲ್ಲಿ ತೊಟ್ಟಿಕ್ಕಲು ಸಾಮಾನ್ಯ ಕಾರಣ ಒಳಗಿನ ವಾಷರು ಸವೆದಿರುವುದು. ಬಲವಂತವಾಗಿ ತಿರುಗಿಸಿದಷ್ಟೂ ಅದು ಇನ್ನಷ್ಟು ಸವೆಯುತ್ತದೆ. ಮೊದಲು ತೊಟ್ಟಿಯ ಕೆಳಗಿನ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹರಿಯಬಿಡಬೇಕು. ಸ್ಪ್ಯಾನರಿನಿಂದ ನಲ್ಲಿಯ ಮೇಲ್ಭಾಗವನ್ನು ಬಿಚ್ಚಿ, ಹಳೆಯ ವಾಷರನ್ನು ತೆಗೆದು, ಅದೇ ಅಳತೆಯ ಹೊಸದನ್ನು ಕೂರಿಸಿ, ಮೊದಲಿನಂತೆ ಬಿಗಿಯಬೇಕು. ಅರ್ಧ ಸುತ್ತಿಗೇ ತೆರೆಯುವ ಹೊಸ ಮಾದರಿಯ ನಲ್ಲಿಗಳಲ್ಲಿ ಒಳಗಿನ ಭಾಗವನ್ನೇ ಬದಲಾಯಿಸಬೇಕಾಗುತ್ತದೆ.

ಕಣ್ಣಿಗೆ ಕಾಣದ ಸೋರಿಕೆಯನ್ನು ಕಂಡುಹಿಡಿಯುವ ಸುಲಭ ಉಪಾಯವೊಂದುಂಟು. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೇಲ್ತೊಟ್ಟಿಯ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ರಾತ್ರಿ ಯಾರೂ ನೀರು ಬಳಸದಿದ್ದರೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ತೊಟ್ಟಿಯಲ್ಲೋ ಕೊಳವೆಯಲ್ಲೋ ಸೋರಿಕೆ ಇದೆಯೆಂದೇ ತಿಳಿಯಬೇಕು.

ತೊಟ್ಟಿ ಮತ್ತು ಸಂಪು

ನೀರಿನ ತೊಟ್ಟಿಯನ್ನು ಆರು ತಿಂಗಳಿಗೊಮ್ಮೆಯಾದರೂ ಬರಿದು ಮಾಡಿ, ತಳದ ಕೆಸರನ್ನು ತೆಗೆದು, ಒಳಗೋಡೆಗಳನ್ನು ಉಜ್ಜಿ ತೊಳೆಯಬೇಕು. ಅನಂತರ ತೊಟ್ಟಿಯಲ್ಲಿ ನೀರು ತುಂಬಿ, ಪ್ರತಿ 1000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ತಂಗಿದ ಮೇಲೆ ತಿಳಿಯನ್ನು ಸುರಿಯಬೇಕು. 24 ಗಂಟೆಗಳ ನಂತರ ಈ ನೀರನ್ನು ಪೂರ್ಣವಾಗಿ ಹೊರಚೆಲ್ಲಿ, ಶುದ್ಧ ನೀರಿನಿಂದ ತೊಳೆದು ಬಳಸಬೇಕು. ಈ ನೀರನ್ನು ಯಾವ ಕಾರಣಕ್ಕೂ ಕುಡಿಯಬಾರದು. ಬ್ಲೀಚಿಂಗ್ ಪುಡಿಯನ್ನು ಪಾಯಿಖಾನೆ ತೊಳೆಯುವ ಆಮ್ಲದೊಡನೆ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ಆಳವಾದ ಸಂಪಿನ ಮುಚ್ಚಳವನ್ನು ಬಹಳ ಹೊತ್ತು ತೆರೆದಿಟ್ಟು, ಗಾಳಿಯಾಡಿದ ಮೇಲೆಯೇ ಒಳಗಿಳಿಯಬೇಕು. ಮೇಲೆ ಒಬ್ಬರು ಕಾವಲಿರದೆ ಇಳಿಯಲೇಬಾರದು.

ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಶುದ್ಧ ನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಸೋರುವ ನಲ್ಲಿಯ ಕೆಳಗಿನ ಗುಂಡಿ, ಮುಚ್ಚಳವಿಲ್ಲದ ಡ್ರಮ್ಮು, ಹೂಕುಂಡದ ತಟ್ಟೆ ಇವೆಲ್ಲವೂ ಅದಕ್ಕೆ ಸಾಲುತ್ತವೆ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದು ಮಾಡಿ, ಅಂಚಿಗೆ ಅಂಟಿದ ಮೊಟ್ಟೆಗಳು ಹೋಗುವಂತೆ ಉಜ್ಜಿ, ಒಣಗಿಸಬೇಕು. ಡೆಂಗಿಯನ್ನು 2024ರಲ್ಲಿ ರಾಜ್ಯ ಸರ್ಕಾರವು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡವನ್ನೂ ವಿಧಿಸಿತು.

ಬಚ್ಚಲಿನ ಬಾಗು ಕೊಳವೆ

ಬಚ್ಚಲಿನ ಜಾಲರಿಯ ಕೆಳಗಿರುವ ಬಾಗು ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಮನೆಯಲ್ಲಿ ನೀರು ನಿಲ್ಲಲೇಬೇಕಾದ ಸ್ಥಳಗಳಲ್ಲಿ ಇದೂ ಒಂದು. ಈ ನೀರು ಚರಂಡಿಯ ದುರ್ವಾಸನೆಯನ್ನೂ ಜಿರಳೆಗಳನ್ನೂ ಒಳಬರದಂತೆ ತಡೆಯುತ್ತದೆ. ಬಳಸದ ಬಚ್ಚಲಿನಲ್ಲಿ ಅದು ಒಣಗಿಹೋಗುವುದರಿಂದ ವಾರಕ್ಕೊಮ್ಮೆ ಒಂದೆರಡು ಚೊಂಬು ನೀರು ಸುರಿಯಬೇಕು. ಕೂದಲು, ಅನ್ನದ ಅಗಳು, ಎಣ್ಣೆಜಿಡ್ಡು ಕೊಳವೆಯೊಳಗೆ ಹೋಗದಂತೆ ಜಾಲರಿಯನ್ನು ದಿನವೂ ಶುಚಿಗೊಳಿಸಬೇಕು.

ಗೋಡೆಯ ತೇವ

ಗೋಡೆಗೆ ತೇವ ಬರುವ ದಾರಿಯನ್ನು ಮೊದಲು ಗುರುತಿಸಬೇಕು. ಮಳೆ ಬಿದ್ದ ಮೇಲೆ ಮೇಲಿನಿಂದ ಇಳಿಯುವ ಕಲೆಗೆ ತಾರಸಿಯ ಬಿರುಕು ಅಥವಾ ಒಡೆದ ಹೆಂಚು ಕಾರಣ. ನೆಲದಿಂದ ಎರಡು ಮೂರು ಅಡಿಯವರೆಗೆ ಏರಿ, ಬಿಳಿಯ ಉಪ್ಪು ಹೊಮ್ಮಿಸುವ ತೇವವು ತಳಪಾಯದಿಂದ ಬಂದದ್ದು. ಗೋಡೆಗೆ ಒತ್ತಿ ಮಣ್ಣು ಪೇರಿಸಿದ್ದರೆ ಅದನ್ನು ತೆಗೆದು, ಮಳೆನೀರು ದೂರ ಹರಿಯುವಂತೆ ಮಾಡಬೇಕು. ಬೇಸಿಗೆಯಲ್ಲೂ ಆರದೆ, ಬಚ್ಚಲು ಅಥವಾ ಅಡುಗೆಮನೆಯ ಪಕ್ಕದಲ್ಲಿ ಕಾಣುವ ಕಲೆಗೆ ಗೋಡೆಯೊಳಗಿನ ಕೊಳವೆಯ ಸೋರಿಕೆ ಕಾರಣವಿರಬಹುದು. ಮೂಲವನ್ನು ಸರಿಪಡಿಸದೆ ಸುಣ್ಣಬಣ್ಣ ಬಳಿದರೆ ಹಣ ವ್ಯರ್ಥ. ತೇವವಿರುವ ಗೋಡೆಯ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ, ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ ಕೆಲಸಗಾರರನ್ನು ಕರೆಸಬೇಕು.

ಒದ್ದೆಯಾದ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಸೂಕ್ಷ್ಮ ಕಣಗಳು ಉಸಿರಿನೊಡನೆ ದೇಹವನ್ನು ಸೇರುತ್ತವೆ. ತೇವವಿರುವ ಮನೆಗಳಲ್ಲಿ ಉಬ್ಬಸ, ಕೆಮ್ಮು ಮತ್ತು ಉಸಿರಾಟದ ಸೋಂಕುಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮಲೆನಾಡು, ಕರಾವಳಿಗಳ ದೀರ್ಘ ಮಳೆಗಾಲದಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಬೂಷ್ಟನ್ನು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಬೂನಿನ ನೀರಿನಿಂದ ಉಜ್ಜಿ, ಜಾಗವನ್ನು ಒಣಗಿಸಬೇಕು. ಆ ಹೊತ್ತಿನಲ್ಲಿ ಉಬ್ಬಸವುಳ್ಳವರು ಹತ್ತಿರವಿರಬಾರದು. ಕಪಾಟು, ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಅಂಗುಲ ದೂರವಿಡಬೇಕು. ಮಕ್ಕಳು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬಾರದು. ಅಡುಗೆಯ ಆವಿ ಹೊರಹೋಗಲು ಕಿಟಕಿ ತೆರೆದಿರಬೇಕು. ಬಿಸಿಲು ಬಂದ ದಿನ ಹಾಸಿಗೆ ಹೊದಿಕೆಗಳನ್ನು ಹೊರಗೆ ಹರವಬೇಕು.

ಎಲ್ಲರ ಹೊಣೆ

ಈ ಕೆಲಸಗಳನ್ನು ಗೃಹಿಣಿಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು, ನಲ್ಲಿಗಳನ್ನು ತಂದೆಯೂ ಪಾತ್ರೆಗಳನ್ನು ತಾಯಿಯೂ ಅಂಗಳದ ನೀರನ್ನು ದೊಡ್ಡ ಮಕ್ಕಳೂ ನೋಡಿಕೊಂಡರೆ ಅರ್ಧ ಗಂಟೆ ಸಾಕು. ಬೀದಿಯ ಕೊಳವೆ ಒಡೆದಿದ್ದರೆ ಗ್ರಾಮ ಪಂಚಾಯಿತಿಗೆ ಅಥವಾ ನಗರಸಭೆಗೆ ಕೂಡಲೆ ತಿಳಿಸಬೇಕು. ಮನೆಯಲ್ಲಿ ಯಾರಿಗಾದರೂ ಭೇದಿ ಆರಂಭವಾದರೆ ಓ.ಆರ್.ಎಸ್. ದ್ರಾವಣವನ್ನು ಕುಡಿಸಲು ತೊಡಗಿ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬೀದಿಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಭೇದಿ ಕಂಡುಬಂದರೆ ನೀರಿನ ಮೇಲೆಯೇ ಮೊದಲ ಸಂಶಯವಿರಲಿ.

ವಾಷರಿನ ಬೆಲೆ ಅಲ್ಪ. ಮಗುವಿನ ಒಂದು ಕಾಯಿಲೆಗೆ ತೆರುವ ಬೆಲೆ ಅಪಾರ. ಇಂದೇ ಮನೆಯ ನಲ್ಲಿಗಳನ್ನೊಮ್ಮೆ ನೋಡಿ ಬನ್ನಿರಿ.