ಹೊಲ ನುಂಗುವ ಕೊರಕಲು: ಮಳೆಯದ್ದೆಷ್ಟು, ಮನುಷ್ಯನದ್ದೆಷ್ಟು?

ತಿರುಪ್ಪೂರು ಅಂದ ಕೂಡಲೇ ಕರಾವಳಿಯ ಬಟ್ಟೆ ವ್ಯಾಪಾರಿಗಳಿಗೆ ನೆನಪಾಗುವುದು ಬನಿಯನ್ ಮತ್ತು ಟೀ ಶರ್ಟ್. ಆದರೆ ಪೇಟೆ ದಾಟಿ ಕಾಂಗೇಯಂ ಕಡೆ ಹೋದರೆ ಸಿಗುವುದು ಮಳೆಯನ್ನೇ ನಂಬಿದ ಒಣ ಹೊಲಗಳು. ಈ ಜಿಲ್ಲೆಯಲ್ಲೂ ಪಕ್ಕದ ಕೊಯಮತ್ತೂರಿನಲ್ಲೂ ಇಳಿಜಾರು ಹೊಲಗಳಿಗೆ ಇರುವ ಒಂದು ಅಪಾಯ ಕೊರಕಲು. ಅಂದರೆ ಮಳೆನೀರು ಮಣ್ಣನ್ನು ಕೊರೆದು ಮಾಡುವ ಆಳವಾದ ಕಂದಕ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಕೊಯಮತ್ತೂರಿನ ಬಯಲಲ್ಲಿ ಬೀಳುವುದು ಸುಮಾರು 600ರಿಂದ 700 ಮಾತ್ರ. ಇಷ್ಟು ಕಡಿಮೆ ಮಳೆಗೆ ಮಣ್ಣು ಕೊಚ್ಚಿ ಹೋಗುವುದು ಹೇಗೆ? ಅಲ್ಲಿ ಮಳೆಯ ದೊಡ್ಡ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ, ಕೆಲವೇ ದಿನ ಜೋರಾಗಿ ಸುರಿಯುತ್ತದೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಬಿಸಿಲಿಗೆ ನೆಲ ಬೋಳಾಗಿರುತ್ತದೆ. ಕೆಂಪು ಮಣ್ಣಿನ ಮೇಲೆ ಹನಿ ಬಡಿದಾಗ ತೆಳು ಪದರ ಗಟ್ಟಿಯಾಗಿ ನೀರು ಇಂಗುವುದಿಲ್ಲ, ಹರಿದೇ ಹೋಗುತ್ತದೆ. ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ನೆಲವೇ ಇಳಿಜಾರು. ನೊಯ್ಯಲ್ ನದಿ ಹರಿಯುವುದೂ ಅದೇ ದಿಕ್ಕಿಗೆ. ಇಷ್ಟು ಪ್ರಕೃತಿಯ ಪಾಲು.

ಹರಿಯುವ ನೀರು ಮೊದಲು ಬೆರಳಗಲದ ಗೆರೆ ಮಾಡುತ್ತದೆ. ಒಮ್ಮೆ ಉತ್ತರೆ ಅದು ಅಳಿಸಿಹೋಗುತ್ತದೆ. ಹಾಗೇ ಬಿಟ್ಟರೆ ಗೆರೆಗಳು ಸೇರಿ ಟ್ರಾಕ್ಟರ್ ದಾಟಲಾಗದ ಕಂದಕವಾಗುತ್ತದೆ. ಗಮನಿಸಬೇಕಾದ್ದು ಇನ್ನೊಂದಿದೆ: ನೀರು ಕೆಳಗೆ ಹರಿದರೂ ಕೊರಕಲು ಬೆಳೆಯುವುದು ಮೇಲಕ್ಕೆ. ಅಂಚಿನಿಂದ ಧುಮುಕುವ ನೀರು ಬುಡ ಕೊರೆಯುತ್ತದೆ, ಅಂಚು ಕುಸಿಯುತ್ತದೆ, ಮತ್ತೆ ಹಿಂದಿನ ಮಣ್ಣಿಗೆ ಕೈ ಹಾಕುತ್ತದೆ. ಹೀಗಾಗಿ ಕೆಳಗಿನವನು ಮಾಡಿದ ತಪ್ಪಿಗೆ ಮೇಲಿನ ಹೊಲದವನು ದಂಡ ಕಟ್ಟುತ್ತಾನೆ.

ಇದಕ್ಕೆ ಕೊಯಮತ್ತೂರು ಸಮೀಪದ ತಡಾಗಂ ಕಣಿವೆಯನ್ನು ನೋಡಬಹುದು. ಇಟ್ಟಿಗೆ ಭಟ್ಟಿಗಳಿಗಾಗಿ ಅಲ್ಲಿ ವರ್ಷಗಟ್ಟಲೆ ಕೆಂಪು ಮಣ್ಣು ಅಗೆದರು. ವಿಷಯ ಕೋರ್ಟಿಗೆ ಹೋಯಿತು, ಅನುಮತಿ ಇಲ್ಲದ ಭಟ್ಟಿಗಳನ್ನು 2021ರಲ್ಲಿ ಮುಚ್ಚಿಸಲಾಯಿತು. ಭಟ್ಟಿ ಮುಚ್ಚಿದರೂ ಗುಂಡಿ ತುಂಬುವುದಿಲ್ಲ. ತೊರೆಯ ದಾರಿಯಲ್ಲಿ ಆಳ ಗುಂಡಿ ಬಿದ್ದರೆ ನೀರು ಅದಕ್ಕೆ ಧುಮುಕುತ್ತದೆ, ಸುತ್ತಲಿನ ಜಮೀನನ್ನೂ ಎಳೆಯುತ್ತದೆ.

ಎಲ್ಲ ಕಡೆ ಇಷ್ಟು ದೊಡ್ಡ ಅಗೆತವೇ ಬೇಕಿಲ್ಲ. ಇಳಿಜಾರಿನ ಉದ್ದಕ್ಕೆ ಉಳುವುದು, ಹಳೆಯ ಬದು ಒಡೆದು ಜಾಗ ಅಗಲ ಮಾಡುವುದು, ರಸ್ತೆಯ ಮೋರಿ ನೀರನ್ನು ನೇರ ಹೊಲಕ್ಕೆ ಬಿಡುವುದು, ಹುಲ್ಲು ಬುಡಸಮೇತ ಮೇಯಿಸುವುದು, ಇವೂ ಸಾಕು.

ಕಾಂಗೇಯಂ ರೈತರ ಹಿರಿಯರಿಗೆ ಇದರ ಮದ್ದು ಗೊತ್ತಿತ್ತು. ಕಾಂಗೇಯಂ ತಳಿಯ ದನಗಳಿಗಾಗಿ ಅವರು ಕಾಪಾಡಿಕೊಂಡು ಬಂದ 'ಕೊರಂಗಾಡು' ಎಂಬ ಹುಲ್ಲುಗಾವಲುಗಳು ಈಗಲೂ ಇವೆ. ಸುತ್ತ ಮುಳ್ಳಿನ ಜೀವಂತ ಬೇಲಿ, ಒಳಗೆ ಹುಲ್ಲು, ನಡುನಡುವೆ ಮರ. ಸರದಿಯಲ್ಲಿ ಮೇಯಿಸುವುದರಿಂದ ನೆಲ ಬೋಳಾಗುವುದಿಲ್ಲ, ಬೇರು ಮಣ್ಣನ್ನು ಹಿಡಿದಿರುತ್ತದೆ.

ಬೆಳೆ ಹೋದರೆ ಒಂದು ವರ್ಷದ ಲಾಭ ಹೋಯಿತು. ಮೇಲ್ಮಣ್ಣು ಹೋದರೆ ಬಂಡವಾಳವೇ ಹೋಯಿತು, ಒಂದಿಂಚು ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಕೊರಕಲು ಚಿಕ್ಕದಿರುವಾಗಲೇ ಅದರ ತಲೆಯ ಮೇಲಿನ ನೀರನ್ನು ಬೇರೆ ಕಡೆಗೆ ತಿರುಗಿಸಬೇಕು. ಒಳಗೆ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಿ, ಅಂಚಿಗೆ ಲಾವಂಚ ನೆಡಬೇಕು.

ಜೆಸಿಬಿ ತಂದು ಗುಡ್ಡ ತಗ್ಗಿಸಿ ಮನೆ, ತೋಟ ಮಾಡುವ ನಮ್ಮ ಊರುಗಳಿಗೂ ಇದೇ ಮಾತು. ಭೂಮಿ ಅಲ್ಲಾಹನು ಕೊಟ್ಟ ಅಮಾನತ್. ನೆರೆಯವನ ಹಕ್ಕೂ ದೀನ್‌ನ ಭಾಗವೇ. ಮಣ್ಣು ತೆಗೆಯುವ ಮುಂಚೆ, ಮಳೆಗಾಲದಲ್ಲಿ ಆ ನೀರು ಯಾರ ಜಾಗಕ್ಕೆ ನುಗ್ಗುತ್ತದೆ, ಯಾರ ಮಣ್ಣು ಕುಸಿಯುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.